ಸಹಾಯ ಬೇಕು: ಅಮ್ಮನಿಗೆ ತೋರಿಸಲು ಒಂದು ಸಿನಿಮಾ ಹೇಳಿ
ಎಲ್ಲರಿಗೂ ನಮಸ್ಕಾರ. ರಾಜಾಜಿನಗರದಲ್ಲಿದ್ದೇವೆ. ಅಕ್ಕನ ಮಗಳು ಪಿಯುಸಿ ಮುಗಿಸಿದ್ದಾಳೆ, ಪೈಲಟ್ ಆಗಲೇಬೇಕು ಅಂತಾಳೆ. ಜಕ್ಕೂರಿನಲ್ಲಿ ಹಾರುವ ಪುಟ್ಟ ವಿಮಾನಗಳ ಫೋಟೊ ಅವಳ ನೋಟ್‌ಬುಕ್ ರಟ್ಟಿನ ತುಂಬಾ. ಅಮ್ಮ ಮಾತ್ರ ಡಿಗ್ರಿ ಮುಗಿಸಿ ಮದುವೆಯಾಗಲಿ ಅಂತ ಪಟ್ಟು ಹಿಡಿದಿದ್ದಾರೆ.

ಮಾತಿಗೆ ಬಗ್ಗಲ್ಲ, ಆದರೆ ಸಿನಿಮಾ ಮನಸ್ಸಿಟ್ಟು ನೋಡುತ್ತಾರೆ. ಅಪ್ಪ ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸುವ 2016ರ ‘ದಂಗಲ್’ ತೋರಿಸಿದೆ. "ಅಲ್ಲಿ ಹಟ ಹಿಡಿದಿದ್ದು ಅಪ್ಪ, ಹುಡುಗಿ ಅಲ್ಲವಲ್ಲ" ಅಂದರು. ಆ ಮಾತೂ ನಿಜ ಅಲ್ವಾ? 1969ರ ‘ಗೆಜ್ಜೆ ಪೂಜೆ’ ಅಂದರೆ ಅಮ್ಮನಿಗೆ ಪ್ರಾಣ. ಆದರೆ ಅದರಲ್ಲಿ ಓದುವ ಆಸೆಯಿದ್ದ ನಾಯಕಿ ಚಂದ್ರ ಕೊನೆಗೆ ಬದುಕಿ ಉಳಿಯುವುದೇ ಇಲ್ಲ. ಈಗ ಅದನ್ನು ಹೇಗೆ ತೋರಿಸಲಿ?

ಕನಸು ಹುಡುಗಿಯದೇ ಆಗಿರಬೇಕು, ಅವಳು ಗೆಲ್ಲಬೇಕು, ಮನೆಯವರೂ ಒಪ್ಪಬೇಕು. ಕನ್ನಡದ್ದೋ ಕನ್ನಡಕ್ಕೆ ಡಬ್ ಆಗಿದ್ದೋ, ಅಂಥ ಸಿನಿಮಾ ಯಾವುದಿದೆ? ಯಾವ ಆ್ಯಪ್‌ನಲ್ಲಿ ಸಿಗುತ್ತೆ?