ತೊಟ್ಟಿಯಲ್ಲಿ ಹತ್ತೊಂಬತ್ತು ಮರಿ

ವಾಟ್ಸಾಪ್ ಗುಂಪು: ಹಳೆಮನೆ ಬಳಗ, ತುಮಕೂರು

ಅಕ್ಕ, ಬೆಳಿಗ್ಗೆ 6:10
(ವಿಡಿಯೊ)
ಎಲ್ಲರೂ ಇದನ್ನು ನೋಡಿ. ಹಾಲು ಕಾಯಿಸಲು ಎದ್ದವಳು ಮೀನಿನ ತೊಟ್ಟಿಯ ದೀಪ ಹಾಕಿದೆ. ಗಿಡದ ಸಂದಿಯಲ್ಲಿ ಏನೋ ಮಿಣುಕಿತು. ಹುಳು ಬಿದ್ದಿದೆ ಎಂದುಕೊಂಡು ಬಗ್ಗಿ ನೋಡಿದರೆ ಎರಡು ಕಣ್ಣು! ಅಕ್ಕಿಕಾಳಿನಷ್ಟು ಉದ್ದದ ಮರಿಗಳು. ಮೈ ಗಾಜಿನಂತಿದೆ, ಕಣ್ಣು ಮಾತ್ರ ಕಪ್ಪಗೆ ಎದ್ದು ಕಾಣುತ್ತದೆ. ಪುಟ್ಟಿಯನ್ನು ಎಬ್ಬಿಸಿದೆ. ಇಬ್ಬರೂ ಎಣಿಸಿ ಎಣಿಸಿ ಹತ್ತೊಂಬತ್ತಕ್ಕೆ ನಿಲ್ಲಿಸಿದ್ದೇವೆ.

ಚಿಕ್ಕಮ್ಮ, 6:31
ಅಯ್ಯೋ, ಎಷ್ಟು ಮುದ್ದಾಗಿವೆ! ದೃಷ್ಟಿಯಾದೀತು, ಹೆಚ್ಚು ಜನಕ್ಕೆ ಕಳಿಸಬೇಡ.

ಭಾವ, 6:48
ಇದು ಹೇಗೆ ಸಾಧ್ಯ? ಅಂಗಡಿಯವನಿಂದ ಮೂರೂ ಹೆಣ್ಣು ಮೀನನ್ನೇ ಆರಿಸಿ ತಂದಿದ್ದೆ. ಮರಿಗಳ ಕಾಟ ಬೇಡವೆಂದೇ ಹಾಗೆ ತಂದದ್ದು. ಪುಟ್ಟಿ ಪಕ್ಕದ ಮನೆಯ ಹುಡುಗನಿಂದ ಗಂಡು ಮೀನು ತಂದು ಬಿಟ್ಟಿರಬೇಕು. ಕೇಳಿದರೆ ಅಳುತ್ತಾಳೆ, ಒಪ್ಪಿಕೊಳ್ಳುವುದಿಲ್ಲ.

ಶಿರಾ ಅತ್ತೆ, 7:05
(ಫಾರ್ವರ್ಡ್ ಆದ ಸಂದೇಶ)
"ಮನೆಯಲ್ಲಿ ಸಾಕಿದ ಮೀನು ಮರಿ ಹಾಕಿದರೆ ಮೂರು ದಿನದೊಳಗೆ ಮರಿಗಳನ್ನು ಕೆರೆಗೋ ಹೊಳೆಗೋ ಬಿಡಬೇಕು. ಹೀಗೆ ಮಾಡಿದವರ ಮನೆಯ ದೋಷಗಳೆಲ್ಲ ಹರಿದುಹೋಗುತ್ತವೆ. ಹನ್ನೊಂದು ಜನರಿಗೆ ಕಳಿಸಿ."
ನಮ್ಮ ಭಜನಾ ಮಂಡಳಿಯ ಗುಂಪಿನಲ್ಲಿ ಬಂದದ್ದು. ನೋಡು ಮಗಳೇ, ಸಮಯಕ್ಕೆ ಸರಿಯಾಗಿ ಬಂದಿದೆ.

ದೊಡ್ಡಪ್ಪ, 7:20
ದೋಷದ ಮಾತು ಹಾಗಿರಲಿ, ಜೀವ ಉಳಿಸುವುದು ಒಳ್ಳೆಯದೇ. ಎರಡಡಿಯ ಗಾಜಿನ ಪೆಟ್ಟಿಗೆಯಲ್ಲಿ ಅಷ್ಟು ಮರಿ ಹೇಗೆ ಬೆಳೆದಾವು? ಅಮಾನಿಕೆರೆಗೆ ನಾನು ದಿನವೂ ವಾಕಿಂಗ್ ಹೋಗುತ್ತೇನೆ. ಸಂಜೆ ಒಂದು ಡಬ್ಬಿಯಲ್ಲಿ ಹಾಕಿ ಕೊಡಿ, ಬಿಟ್ಟು ಬರುತ್ತೇನೆ.

ಭಾವ, 7:22
ಆಗಲಿ ಮಾವ. ಐದು ಗಂಟೆಗೆ ಸಿದ್ಧವಾಗಿಡುತ್ತೇವೆ.

ನಾನು, 8:02
ಅಕ್ಕ, ದಯವಿಟ್ಟು ಡಬ್ಬಿಗೆ ಹಾಕಬೇಡ. ಬಸ್ಸಿನಲ್ಲಿದ್ದೇನೆ, ಇಳಿದ ಮೇಲೆ ವಿವರವಾಗಿ ಬರೆಯುತ್ತೇನೆ. ಭಾವ, ಅಲ್ಲಿಯವರೆಗೆ ಪುಟ್ಟಿಯನ್ನು ಬೈಯಬೇಡಿ. ಅವಳು ಯಾವ ಮೀನನ್ನೂ ತಂದಿಲ್ಲ.

ಭಾವ, 8:04
ಗುಬ್ಬಿಯಲ್ಲಿ ಕುಳಿತ ನಿನಗೆ ಹೇಗೆ ಗೊತ್ತು?

ನಾನು, 8:40
ವಿಡಿಯೊದಲ್ಲಿರುವುದು ಗಪ್ಪಿ. ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಅಂಗಡಿಯಲ್ಲಿ ಗಂಡು ಹೆಣ್ಣು ಒಂದೇ ತೊಟ್ಟಿಯಲ್ಲಿರುತ್ತವೆ. ಅಲ್ಲಿಂದ ತಂದ ಬೆಳೆದ ಹೆಣ್ಣು ಬಸಿರಾಗಿರುವುದೇ ಹೆಚ್ಚು. ಹೊಟ್ಟೆಯ ಹಿಂಭಾಗದಲ್ಲಿ, ಬಾಲಕ್ಕೆ ಸ್ವಲ್ಪ ಮುಂದೆ, ಕಪ್ಪು ಮಚ್ಚೆಯೊಂದು ಕಾಣುತ್ತದೆ. ದಿನ ತುಂಬುತ್ತಾ ಬಂದಂತೆ ಅದು ದೊಡ್ಡದಾಗುತ್ತದೆ. ಮೂರರಲ್ಲಿ ಉಳಿದ ಎರಡಕ್ಕೂ ಆ ಮಚ್ಚೆ ಇದೆಯೇ ನೋಡಿ.

ಭಾವ, 8:47
ಮಚ್ಚೆ ಇದೆ. ಆದರೆ ಲೆಕ್ಕ ಹೊಂದುವುದಿಲ್ಲ. ಮೀನು ತಂದು ಎರಡೂವರೆ ತಿಂಗಳಾಯಿತು. ಇದರ ಬಸಿರು ಎಷ್ಟು ದಿನದ್ದು?

ನಾನು, 8:49
ಹೆಚ್ಚು ಕಡಿಮೆ ಒಂದು ತಿಂಗಳು.

ಭಾವ, 8:50
ಅಂದ ಮೇಲೆ? ನಡುವೆ ಗಂಡು ಬಂದಿರಲೇಬೇಕಲ್ಲ.

ನಾನು, 8:58
ಬರಬೇಕಾಗಿಲ್ಲ ಭಾವ. ಗಂಡಿನೊಂದಿಗೆ ಒಮ್ಮೆ ಕೂಡಿದರೆ ಹೆಣ್ಣು ಗಪ್ಪಿ ವೀರ್ಯವನ್ನು ಹಲವು ತಿಂಗಳು ತನ್ನ ಒಡಲಲ್ಲೇ ಕಾಪಿಟ್ಟುಕೊಳ್ಳುತ್ತದೆ. ಗಂಡಿನ ನೆರಳೇ ಇಲ್ಲದೆ ಒಂದರ ಹಿಂದೊಂದು ಸೂಲು ಹಾಕುತ್ತದೆ. ನಿಮ್ಮ ಮನೆಯಲ್ಲಿ ಇದು ಮೊದಲನೆಯದೂ ಆಗಿರಲಾರದು. ಹಿಂದಿನ ಮರಿಗಳನ್ನು ದೊಡ್ಡ ಮೀನುಗಳೇ ತಿಂದಿರಬೇಕು. ಗಪ್ಪಿಗೆ ತನ್ನ ಮರಿಯೆಂಬ ಗುರುತಿಲ್ಲ, ಬಾಯಿಗೆ ಹಿಡಿಸುವಷ್ಟು ಚಿಕ್ಕದಾಗಿ ಕಂಡದ್ದನ್ನು ನುಂಗುತ್ತದೆ. ಈ ಸಲ ಉಳಿದದ್ದು ಹೇಗೆ? ತೊಟ್ಟಿಯಲ್ಲಿ ಹೊಸದಾಗಿ ಏನಾದರೂ ಹಾಕಿದಿರಾ?

ಅಕ್ಕ, 9:06
ಹದಿನೈದು ದಿನದ ಹಿಂದೆ ಪುಟ್ಟಿ ಹಟ ಮಾಡಿ ಒಂದು ಕಂತೆ ನೀರುಗಿಡ ಹಾಕಿಸಿದಳು. ಪ್ಲಾಸ್ಟಿಕ್ ಗಿಡ ಮೀನಿಗೆ ಇಷ್ಟವಾಗುವುದಿಲ್ಲ ಎಂದು ಅವಳ ವಾದ. ಮರಿಗಳೆಲ್ಲ ಆ ಗಿಡದೊಳಗೇ ಇವೆ.

ನಾನು, 9:08
ಭಾವ, ನೋಡಿದಿರಾ. ಮರಿಗಳನ್ನು ಉಳಿಸಿದವಳು ನಿಮ್ಮ ಮಗಳು. ಅವಳ ಮೇಲೆ ಕಳ್ಳತನ ಹೊರಿಸಿದಿರಿ.

ಚಿಕ್ಕಮ್ಮ, 9:10
ಮಗು ಊಟ ಮಾಡಿತೇ?

ಅಕ್ಕ, 9:12
ದೋಸೆ ಮುಟ್ಟದೆ ಶಾಲೆಗೆ ಹೋದಳು ಚಿಕ್ಕಮ್ಮ.

ದೊಡ್ಡಪ್ಪ, 10:30
ಬಸಿರಿನ ವಿಚಾರ ತಿಳಿಯಿತು. ಕೆರೆಗೆ ಬಿಡಬೇಡ ಎಂದೆಯಲ್ಲ, ಅದಕ್ಕೆ ಕಾರಣ ಹೇಳಲಿಲ್ಲ. ಸೊಳ್ಳೆ ತಿನ್ನಲಿ ಎಂದು ಸರ್ಕಾರವೇ ಬಾವಿಗಳಿಗೆ ಈ ಮೀನು ಬಿಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶೃಂಗೇರಿಗೆ ಹೋದರೆ ನೀವೆಲ್ಲ ತುಂಗೆಯ ಮೀನುಗಳಿಗೆ ಪುರಿ ಹಾಕಿ ಕೈಮುಗಿಯುತ್ತೀರಿ. ಅಲ್ಲಿ ಪುಣ್ಯ, ಇಲ್ಲಿ ಪಾಪವೇ?

ನಾನು, 11:15
ದೊಡ್ಡಪ್ಪ, ನಿಮ್ಮ ಮಾತಿಗೆ ಎದುರಾಡುತ್ತಿದ್ದೇನೆಂದು ಬೇಸರಿಸಬೇಡಿ. ಶೃಂಗೇರಿಯ ಮೀನುಗಳು ತುಂಗೆಯಲ್ಲೇ ಹುಟ್ಟಿದವು. ಅವುಗಳನ್ನು ಹಿಡಿಯದೆ ಅವುಗಳ ಪಾಡಿಗೆ ಬಿಟ್ಟಿದ್ದೇವೆ, ಹೊರಗಿನಿಂದ ತಂದು ಸುರಿದಿಲ್ಲ. ಗಪ್ಪಿಯ ತವರು ದಕ್ಷಿಣ ಅಮೆರಿಕದ ಉತ್ತರ ತೀರ ಮತ್ತು ಟ್ರಿನಿಡಾಡ್.

ಬಾವಿಗೆ ಬಿಟ್ಟದ್ದು ನಿಜ. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಲಿನ ಹಳ್ಳಿಗಳಲ್ಲಿ ಮಲೇರಿಯಾ ತಡೆಯಲು ಬಾವಿಗಳಿಗೆ ಗಪ್ಪಿ ಬಿಟ್ಟಿದ್ದರು, ಮಲೇರಿಯಾ ತಗ್ಗಿತು ಕೂಡ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾವಿಗೆ ನಾಲ್ಕು ಕಡೆ ಗೋಡೆ ಇದೆ. ಕೆರೆಗೆ ಕೋಡಿ ಇದೆ. ಕೋಡಿ ಹರಿದರೆ ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಮುಂದಿನ ಕೆರೆಗೆ. ಚರಂಡಿಯ ಕೊಳಕು ನೀರಿನಲ್ಲೂ ಬದುಕುವ ಮೀನು ಇದು, ಎರಡು ಮೂರು ತಿಂಗಳಲ್ಲಿ ಪ್ರಾಯಕ್ಕೆ ಬರುತ್ತದೆ. ಒಂದೇ ಒಂದು ಹೆಣ್ಣು ಸಾಕು, ಭಾವನ ತೊಟ್ಟಿಯಲ್ಲಿ ನಡೆದದ್ದೇ ಅಲ್ಲಿಯೂ ನಡೆಯುತ್ತದೆ. ಸೊಳ್ಳೆಮರಿಯನ್ನಷ್ಟೇ ತಿಂದು ಸುಮ್ಮನಿರುವುದಿಲ್ಲ, ನಮ್ಮ ಚಿಕ್ಕ ಮೀನುಗಳ ಮರಿಗೂ ಬಾಯಿ ಹಾಕುತ್ತದೆ, ಅವುಗಳ ಆಹಾರಕ್ಕೂ ಪಾಲುದಾರನಾಗುತ್ತದೆ. ತೊಟ್ಟಿಯ ರೋಗ, ಹೊಟ್ಟೆಹುಳು ಜೊತೆಯಲ್ಲೇ ಹೋಗುತ್ತವೆ. ಸೊಳ್ಳೆಮರಿ ತಿನ್ನುವ ಮೀನು ನಮ್ಮ ಕೆರೆಗಳಲ್ಲಿ ಮೊದಲಿನಿಂದಲೂ ಇವೆ. ನೆತ್ತಿಯ ಮೇಲೆ ಬಿಳಿ ಚುಕ್ಕೆ ಹೊತ್ತು ನೀರಿನ ಮೇಲ್ಮೈಯಲ್ಲೇ ತೇಲುವ ಪುಟ್ಟ ಮೀನನ್ನು ನೀವೂ ಚಿಕ್ಕಂದಿನಲ್ಲಿ ನೋಡಿರುತ್ತೀರಿ.

ಶಿರಾ ಅತ್ತೆ, 11:40
ಹತ್ತೊಂಬತ್ತು ಮರಿಯಿಂದ ಅಷ್ಟು ದೊಡ್ಡ ಕೆರೆ ಕೆಡುತ್ತದೆಯೇ? ಸ್ವಲ್ಪ ಹೆಚ್ಚಾಯಿತು ನಿನ್ನ ಮಾತು.

ನಾನು, 12:25
ಅತ್ತೆ, ಇದನ್ನು ಈವರೆಗೆ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಕಾಲೇಜಿನ ದಿನಗಳಲ್ಲಿ ನನ್ನ ತೊಟ್ಟಿಯಲ್ಲಿ ಎರಡು ಸಕ್ಕರ್ ಮೀನು ಇದ್ದವು, ಗಾಜಿಗೆ ಬಾಯಿ ಅಂಟಿಸಿ ಪಾಚಿ ತಿನ್ನುವ ಕಪ್ಪು ಮೀನು. ಗೇಣುದ್ದ ಬೆಳೆದು ತೊಟ್ಟಿಯಲ್ಲಿ ತಿರುಗಲೂ ಆಗದಂತಾದಾಗ ನಮ್ಮೂರ ಕೆರೆಗೆ ಬಿಟ್ಟು ಬಂದೆ. ಒಳ್ಳೆಯದನ್ನು ಮಾಡಿದೆನೆಂದೇ ನಂಬಿದ್ದೆ. ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಕೆರೆ ಬತ್ತುತ್ತಿತ್ತು, ಗುತ್ತಿಗೆಯವರು ಬಲೆ ಎಳೆಯುತ್ತಿದ್ದರು. ಬಲೆಯಲ್ಲಿ ಬಂದದ್ದರಲ್ಲಿ ಕಪ್ಪನೆಯ ಸಕ್ಕರ್ ಮೀನುಗಳ ರಾಶಿಯೇ ಇತ್ತು. ಅದರ ಮೈ ಗರಗಸದಂತೆ ಒರಟು, ರೆಕ್ಕೆಯ ಮುಳ್ಳು ಬಲೆಯ ಕಣ್ಣಿಗೆ ಸಿಕ್ಕಿ ನೂಲು ಹರಿಯುತ್ತದೆ. ಒಬ್ಬ ಹಿರಿಯರು ಏರಿಯ ಮೇಲೆ ಕುಳಿತು ಒಂದೊಂದೇ ಮುಳ್ಳು ಬಿಡಿಸುತ್ತಿದ್ದರು, ಬೆರಳುಗಳೆಲ್ಲ ರಕ್ತ. "ಇದನ್ನು ಯಾರೂ ಕೊಳ್ಳುವುದಿಲ್ಲ ಸ್ವಾಮಿ, ಯಾವನು ತಂದು ಬಿಟ್ಟನೋ" ಎಂದರು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬರಲಿಲ್ಲ.

ಬೇರೆಯವರೂ ಬಿಟ್ಟಿರಬಹುದು. ಆದರೆ ನಾನು ಬಿಟ್ಟದ್ದಂತೂ ನಿಜ.

ದೊಡ್ಡಪ್ಪ, 1:10
ಹೂಂ.

ಚಿಕ್ಕಮ್ಮ, 1:14
ಇಷ್ಟು ದಿನ ಒಬ್ಬನೇ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದೆಯಾ? ಹೇಳಬಾರದಿತ್ತೇ?

ಭಾವ, 2:05
ಸರಿ, ಕೆರೆ ಬೇಡ. ಹಾಗಾದರೆ ನಾನೇನು ಮಾಡಲಿ? ತಿಂಗಳಿಗೊಂದು ಸೂಲು ಎಂದರೆ ಮನೆ ತುಂಬ ಮೀನಾಗುತ್ತದೆ. ಒಂದು ವಾರ ಆಹಾರ ಹಾಕಿ ನೀರು ಬದಲಿಸುವುದಕ್ಕೇ ನಿನ್ನ ಅಕ್ಕನಿಗೆ ಪುರಸೊತ್ತಿಲ್ಲ.

ನಾನು, 2:30
ನ್ಯಾಯವಾದ ಪ್ರಶ್ನೆ. ಈಗ ಮಾಡಬೇಕಾದದ್ದು ಹೆಚ್ಚಿಲ್ಲ. ಫಿಲ್ಟರ್ ನೀರು ಎಳೆಯುವ ಬಾಯಿಗೆ ಸ್ಪಂಜು ಕಟ್ಟಿ, ಇಲ್ಲದಿದ್ದರೆ ಮರಿಗಳು ಒಳಗೆ ಎಳೆದುಹೋಗುತ್ತವೆ. ಅಕ್ಕ, ಈಗ ಹಾಕುವ ಆಹಾರವನ್ನೇ ಎರಡು ಬೆರಳಲ್ಲಿ ಹಿಟ್ಟಿನಂತೆ ಉಜ್ಜಿ ದಿನಕ್ಕೆ ಮೂರು ಸಲ ಚಿಟಿಕೆ ಹಾಕು. ಬೇಯಿಸಿದ ಮೊಟ್ಟೆಯ ಹಳದಿ ಹಾಕು ಎನ್ನುತ್ತಾರೆ, ಕೈ ಸ್ವಲ್ಪ ಹೆಚ್ಚಾದರೆ ನೀರು ನಾರುತ್ತದೆ, ಬೇಡ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಕೆಟ್‌ನಲ್ಲಿಟ್ಟು ಹಾಕು. ನಿಮ್ಮ ಬೋರ್‌ವೆಲ್ ನೀರು ಪಾತ್ರೆಗೆ ಬಿಳಿ ಕಟ್ಟುವಷ್ಟು ಗಡಸು ಎಂದು ದೂರುತ್ತೀಯಲ್ಲ, ಗಪ್ಪಿಗೆ ಅಂಥ ನೀರೇ ಒಗ್ಗುತ್ತದೆ.

ತಿಂಗಳು ತುಂಬಿದ ಮೇಲೆ ಗಂಡು ಮರಿಗಳ ಮೈಗೆ ಬಣ್ಣ ಬರತೊಡಗುತ್ತದೆ, ಹೊಟ್ಟೆಯ ಅಡಿಯ ರೆಕ್ಕೆ ಕಡ್ಡಿಯಂತೆ ಚೂಪಾಗುತ್ತದೆ. ಆಗ ನಾನೇ ಬಂದು ಬೇರೆ ಮಾಡುತ್ತೇನೆ. ಗಂಡುಗಳು ನಿಮಗಿರಲಿ. ಹೆಣ್ಣು ಮರಿಗಳನ್ನು ನಾನು ಒಯ್ಯುತ್ತೇನೆ, ಮೂರು ತಾಯಿಯರನ್ನೂ ಕೊಟ್ಟರೆ ನಿಮ್ಮ ಕಾಟ ಅಲ್ಲಿಗೆ ಮುಗಿಯಿತು. ನನ್ನ ಬಳಿ ಖಾಲಿ ತೊಟ್ಟಿ ಇದೆ.

ದೊಡ್ಡಪ್ಪ, 4:45
ನನಗೆ ನಾಲ್ಕು ಗಂಡು ಮರಿ ಬೇಕು. ಹಿತ್ತಲಿನ ಕಲ್ಲುಬಾನಿಯಲ್ಲಿ ಸದಾ ಸೊಳ್ಳೆಮರಿ. ಅದಕ್ಕೂ ಆಕ್ಷೇಪಣೆ ಇದೆಯೋ?

ನಾನು, 4:52
ಇಲ್ಲ ದೊಡ್ಡಪ್ಪ. ಒಂದೇ ಕೋರಿಕೆ. ಮಳೆಗಾಲದಲ್ಲಿ ಬಾನಿ ತುಂಬಿ ಚರಂಡಿಗೆ ಹರಿಯುತ್ತದೆ. ಅಂಚಿಗಿಂತ ಒಂದು ಗೇಣು ಕೆಳಗೇ ನೀರಿರಲಿ, ಮೇಲೊಂದು ಜಾಲರಿ ಹಾಕಿ.

ದೊಡ್ಡಪ್ಪ, 5:30
(ಫೋಟೊ)
ಜಾಲರಿ ಹಾಕಿದ್ದೇನೆ, ನೋಡು. ಹಳೆಯ ಕಿಟಕಿಯದು.

ಶಿರಾ ಅತ್ತೆ, 6:15
ಆ ಸಂದೇಶವನ್ನು ಒಂಬತ್ತು ಜನಕ್ಕೆ ಆಗಲೇ ಕಳಿಸಿಬಿಟ್ಟಿದ್ದೆ. ಬಿಡಬೇಡಿ ಎಂದು ಅವರಿಗೆಲ್ಲ ಮತ್ತೆ ಬರೆದಿದ್ದೇನೆ. ನಿನ್ನ ಬಲೆಯ ವಿಚಾರವನ್ನೂ ಬರೆದೆ, ನಿನ್ನ ಹೆಸರು ಹಾಕಿಲ್ಲ.

ನಾನು, 6:20
ಹೆಸರು ಹಾಕಿದ್ದರೂ ಸರಿಯೇ ಅತ್ತೆ.

ಅಕ್ಕ, ರಾತ್ರಿ 9:25
ಇವರು ಶಾಲೆಯ ಬಾಗಿಲಿಗೇ ಹೋಗಿ ಪುಟ್ಟಿಯನ್ನು ಕರೆತಂದರು. ದಾರಿಯಲ್ಲಿ ಏನು ಹೇಳಿದರೋ ಗೊತ್ತಿಲ್ಲ, ಇಬ್ಬರೂ ಸ್ಪಂಜು ಹಿಡಿದುಕೊಂಡು ಒಳಗೆ ಬಂದರು. ಅದನ್ನು ಕಟ್ಟುವಾಗ ಫಿಲ್ಟರಿನ ಹಿಂದೆ ಇನ್ನೆರಡು ಮರಿ ಸಿಕ್ಕವು. ಈಗ ಇಪ್ಪತ್ತೊಂದು.