ಅಜ್ಜನ ಡಾಡ್ಜ್: ಹಿಂದಿನ ಎರಡು ಸಿಲಿಂಡರ್ ಸೋತಿವೆ, ಹೆಡ್ ಫೇಸಿಂಗ್ ಮಾಡಿಸಲಾ?

ಜಮಖಂಡಿ ಡಾಡ್ಜ್

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1951ರ ಡಾಡ್ಜ್ ಕಿಂಗ್ಸ್‌ವೇ ಇದೆ. ಅಜ್ಜ ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದಾಗ ಕೊಂಡ ಗಾಡಿ. ಎಂಜಿನ್ ಮೂಲದ್ದೇ. ಸಾಲಾಗಿ ಆರು ಸಿಲಿಂಡರ್, ಫ್ಲಾಟ್‌ಹೆಡ್, 218 ಕ್ಯೂಬಿಕ್ ಇಂಚು. ಹೊಸದಿದ್ದಾಗ 97 ಹಾರ್ಸ್‌ಪವರ್ ಅಂತ ಪುಸ್ತಕದಲ್ಲಿದೆ.

ಹೋದ ತಿಂಗಳು ಅಜ್ಜಿಯನ್ನು ಕೂರಿಸಿಕೊಂಡು ಬೆಳಗಾವಿಗೆ ಮದುವೆಗೆ ಹೊರಟಿದ್ದೆ. ವಂಟಮೂರಿ ಘಾಟಿನಲ್ಲಿ ಗಾಡಿ ಉಸಿರು ಕಟ್ಟಿತು. ರೇಡಿಯೇಟರ್ ಕುದಿಯಿತು. ಅರ್ಧ ತಾಸು ಬಿಟ್ಟು ನೀರು ಹಾಕಿ, ಹೇಗೋ ಊರು ಮುಟ್ಟಿದೆವು. ಮನೆಗೆ ಬಂದು ಕಂಪ್ರೆಷನ್, ಅಂದರೆ ಒಂದೊಂದು ಸಿಲಿಂಡರಿನಲ್ಲಿ ಗಾಳಿಯ ಒತ್ತಡ ಎಷ್ಟು ಏರುತ್ತದೆ ಅಂತ ನೋಡಿದೆ. ಮುಂದಿನಿಂದ ಹಿಂದಕ್ಕೆ 110, 105, 105, 100, 65, 60 ಪಿಎಸ್‌ಐ.

ಇಲ್ಲಿನ ಒಬ್ಬ ಮೆಕ್ಯಾನಿಕ್ "ಇದನ್ನು ತೆಗೆದು ಜೀಪಿನ ಡೀಸೆಲ್ ಎಂಜಿನ್ ಕೂರಿಸೋಣ" ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಹೇಗಿದ್ದರೂ ಬಿಚ್ಚಬೇಕಲ್ವಾ, ಬಿಚ್ಚಿದಾಗಲೇ ಹೆಡ್ಡನ್ನು 100 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ) ಫೇಸಿಂಗ್ ಮಾಡಿಸಿ, ಅಂದರೆ ತಳ ಕೆತ್ತಿಸಿ ತಗ್ಗಿಸಿ, ಎರಡು ಕಾರ್ಬ್ಯುರೇಟರ್ ಹಾಕಿ, ಪವರ್ ಜಾಸ್ತಿ ಮಾಡಬೇಕು ಅಂತ ಆಸೆ. ಮಾಡಿಸಲಾ?

ಉದ್ಯಮಬಾಗ ಬೋರಿಂಗ್ ಕಾಕಾ

ತಮ್ಮಾ, ಮೊದಲು ಒಂದು ಮಾತು. ಎಂಜಿನ್ ತೆಗೆಸಬೇಡ. ಪೆಟ್ರೋಲ್ ದುಬಾರಿಯಾದಾಗ ಜನ ಇಂಥ ಎಷ್ಟೋ ಗಾಡಿಗಳ ಎಂಜಿನ್ ಕಿತ್ತು ಗುಜರಿಗೆ ಹಾಕಿ ಡೀಸೆಲ್ ಕೂರಿಸಿದರು. ಹಾಗೆ ಕಿತ್ತ ಎಂಜಿನ್‌ಗಳನ್ನು ಕಣ್ಣಾರೆ ನೋಡಿದ್ದೇನೆ. ಅರ್ಧಕ್ಕರ್ಧ ಚೆನ್ನಾಗಿಯೇ ಇದ್ದವು. ಈಗ ನೆನೆದರೂ ಹೊಟ್ಟೆ ಉರಿಯುತ್ತದೆ.

ನಾನು ಹದಿನೈದನೇ ವಯಸ್ಸಿಗೆ ಬೋರಿಂಗ್ ಶಾಪ್ ಸೇರಿದೆ. ಆಗ ಯುದ್ಧ ಮುಗಿದ ಮೇಲೆ ಡಿಸ್ಪೋಸಲ್‌ನಲ್ಲಿ (ಮಿಲಿಟರಿಯವರು ಮಾರಿದ್ದು) ಬಂದ ಮುಕ್ಕಾಲು ಟನ್ ಡಾಡ್ಜ್ ಗಾಡಿಗಳು ಇನ್ನೂ ಓಡುತ್ತಿದ್ದವು. ಅವುಗಳಲ್ಲಿ ನಿನ್ನ ಎಂಜಿನ್ನಿನ ಅಣ್ಣ ಇತ್ತು, 230 ಕ್ಯೂಬಿಕ್ ಇಂಚಿನದು. ಬೋರ್ (ಸಿಲಿಂಡರಿನ ಅಗಲ) ಅದೇ ಮೂರೂಕಾಲು ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಮಾತ್ರ ಕಾಲು ಇಂಚು ಉದ್ದ. ಆ ಎಂಜಿನ್ ನಮ್ಮಲ್ಲಿಗೆ ಬಂತು ಅಂದರೆ ನಮ್ಮ ಉಸ್ತಾದರು ಮೊದಲು ಕೇಳುತ್ತಿದ್ದ ಪ್ರಶ್ನೆ "ನೀರಿನ ಪೈಪ್ ನೋಡಿದ್ರಾ?" ಅಂತ.

ನಿನಗೂ ಅದೇ ಕೇಳುತ್ತೇನೆ. ಈ ಎಂಜಿನ್ನಿನಲ್ಲಿ ವಾಲ್ವ್ ಇರುವುದು ಹೆಡ್ಡಿನಲ್ಲಲ್ಲ, ಬ್ಲಾಕಿನಲ್ಲಿ, ಸಿಲಿಂಡರ್ ಪಕ್ಕಕ್ಕೆ. ಹೆಡ್ ಅಂದರೆ ಬರೀ ಮುಚ್ಚಳ. ಸುಟ್ಟ ಗಾಳಿ ಬ್ಲಾಕಿನ ಹೊಟ್ಟೆಯಿಂದಲೇ ಹೊರಗೆ ಹೋಗಬೇಕು, ಆ ಬಿಸಿಯೆಲ್ಲ ಅಲ್ಲಿಯ ನೀರಿಗೆ. ಅದಕ್ಕೇ ವಾಟರ್ ಪಂಪಿನ ಹಿಂದೆ, ಬ್ಲಾಕಿನ ಉದ್ದಕ್ಕೂ, ಒಂದು ಚಪ್ಪಟೆ ತಗಡಿನ ಪೈಪ್ ಇಟ್ಟಿದ್ದಾರೆ. ಅದರಲ್ಲಿ ಸೀಳುಗಳಿವೆ. ತಣ್ಣನೆಯ ನೀರು ಆ ಸೀಳುಗಳಿಂದ ಎಕ್ಸಾಸ್ಟ್ ಸೀಟುಗಳ (ಸುಟ್ಟ ಗಾಳಿ ಬಿಡುವ ವಾಲ್ವ್ ಕೂರುವ ಜಾಗ) ಹತ್ತಿರ ಚಿಮ್ಮುತ್ತದೆ. ಎಪ್ಪತ್ತು ವರ್ಷದಲ್ಲಿ ಆ ತಗಡು ತುಕ್ಕು ಹಿಡಿದು ಮುಂದಿನ ಭಾಗದಲ್ಲೇ ತೂತು ಬೀಳುತ್ತದೆ. ನೀರೆಲ್ಲ ಅಲ್ಲೇ ಸೋರಿ ಮೇಲೆ ಹೋಗುತ್ತದೆ. ಹೊಲದ ಕಾಲುವೆ ಮೊದಲ ಮಡಿಯಲ್ಲೇ ಒಡೆದ ಹಾಗೆ. ಕೊನೆಯ ಮಡಿಗೆ ನೀರೇ ಮುಟ್ಟುವುದಿಲ್ಲ. ಸುಡುವುದು ಐದು ಮತ್ತು ಆರು.

ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಇಳಿದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಹಾಳೆ) ಹೋಗಿದೆ ಅಂತಲೂ ಹೇಳುತ್ತಾರೆ, ಅದೂ ಇರಬಹುದು. ಅದಕ್ಕೆ ಎರಡಕ್ಕೂ ಒಂದೊಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದು ನೋಡು. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಹೆಡ್ ಎತ್ತಿದಾಗ ಸೀಟಿನಿಂದ ಬೋರಿನ ಕಡೆ ಬಿರುಕು ಇದೆಯಾ ನೋಡು. ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ಚಾಕ್ ಪುಡಿ ಉದುರಿಸು. ಬಿರುಕಿದ್ದರೆ ಎಣ್ಣೆ ಗೆರೆಯಾಗಿ ಮೇಲೆ ಬರುತ್ತದೆ. ಇದನ್ನು ನೋಡದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡ.

ಬ್ಲಾಕಿನ ಪಕ್ಕದ ಡಮ್ಮಿ ಪ್ಲಗ್ (ನೀರಿನ ಜಾಗದ ತೂತು ಮುಚ್ಚುವ ಬಿಲ್ಲೆ) ಎಲ್ಲ ತೆಗೆ. ಹಿಂದಿನದರಲ್ಲಿ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ತಂತಿಯಿಂದ ಕೆರೆದು, ನೀರು ತಿಳಿಯಾಗುವ ತನಕ ತೊಳೆ.

ಈಗ ನಿನ್ನ ಆಸೆಯ ವಿಷಯ. ಫೇಸಿಂಗ್ ಮಾಡಿಸು, ಆದರೆ 100 ಥೌ ಬೇಡ, 40 ಸಾಕು. ಮೇಲೆ ವಾಲ್ವ್ ಇರುವ ಎಂಜಿನ್ನಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗಾಳಿ ವಾಲ್ವಿನಿಂದ ಎದ್ದು, ಮುಚ್ಚಳದ ಕೆಳಗೆ ಅಡ್ಡ ಹಾಯ್ದು ಸಿಲಿಂಡರಿಗೆ ಇಳಿಯಬೇಕು. ಮುಚ್ಚಳ ತಗ್ಗಿಸಿದಷ್ಟೂ ಆ ದಾರಿ ಇಕ್ಕಟ್ಟು. ಕಂಪ್ರೆಷನ್ ಏರುತ್ತದೆ, ಉಸಿರು ಕಡಿಮೆಯಾಗುತ್ತದೆ. ಹಿಂದೆ ಯಾರಾದರೂ ಕೆತ್ತಿಸಿದ್ದಾರಾ ಅಂತಲೂ ನೋಡು. ಮುಚ್ಚುವ ಮುಂಚೆ ವಾಲ್ವಿನ ಮೇಲೆ ಮೆತ್ತನೆ ಜೇಡಿಮಣ್ಣಿನ ಉಂಡೆ ಇಟ್ಟು, ಹೆಡ್ ಬಿಗಿದು ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಎಷ್ಟು ಜಾಗ ಉಳಿದಿದೆ ಅಂತ ಅಳೆದುಕೋ.

ಟ್ಯಾಪೆಟ್ ಸಂದು (ವಾಲ್ವಿಗೂ ಅದನ್ನು ಎತ್ತುವ ಟ್ಯಾಪೆಟ್ಟಿಗೂ ನಡುವಿನ ಜಾಗ) ಎಂಜಿನ್ ಬಿಸಿ ಇರುವಾಗ ಇನ್‌ಟೇಕ್ 8 ಥೌ, ಎಕ್ಸಾಸ್ಟ್ 10. ಬಿಗಿ ಮಾಡಬೇಡ. ಸ್ವಲ್ಪ ಟಕಟಕ ಅಂದರೆ ಅನ್ನಲಿ. ಸದ್ದೇ ಇಲ್ಲದ ಎಕ್ಸಾಸ್ಟ್ ವಾಲ್ವ್ ಪೂರ್ತಿ ಕೂರುತ್ತಿಲ್ಲ ಅಂತ ಅರ್ಥ. ವಾಲ್ವಿನ ಬಿಸಿ ಹೆಚ್ಚಾಗಿ ಇಳಿಯುವುದು ಸೀಟಿಗೆ ಒತ್ತಿದಾಗಲೇ.

ವಿಜಯಪುರ ಆರು ಸಿಲಿಂಡರ್

ಕಾಕಾ ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪಿಗೆ. ಎರಡು ಕಾರ್ಬ್ಯುರೇಟರ್ ನಾನು ಹಾಕಿದ್ದೇನೆ, ನನ್ನದು ಪ್ಲಿಮತ್. ಹಳೆ ಜೀಪಿನ ಸೋಲೆಕ್ಸ್ ಎರಡು. ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಮಿಶ್ರಣ ಹಂಚುವ ಕೊಳವೆ) ಕತ್ತರಿಸಿ ಬೆಸುಗೆ ಹಾಕಿಸಬೇಕಾಯಿತು. ಒಂದೇ ಕಾರ್ಬ್ಯುರೇಟರ್ ನಡುವೆ ಕೂತಾಗ ಒಂದು ಮತ್ತು ಆರಕ್ಕೆ ಪೆಟ್ರೋಲ್ ಸರಿಯಾಗಿ ತಲುಪುವುದಿಲ್ಲ. ಎರಡಾದ ಮೇಲೆ ಆರೂ ಪ್ಲಗ್ಗಿನ ಬಣ್ಣ ಒಂದೇ ಆಯಿತು. ನನಗೆ ಪವರ್‌ಗಿಂತ ಅದೇ ಖುಷಿ.

ಎಕ್ಸಾಸ್ಟ್ ಎರಡು ಮಾಡಿದರೆ ಇನ್ನೂ ಚೆಂದ. ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಹೊತ್ತುವ ಸರದಿ) 1-5-3-6-2-4 ಅಲ್ವಾ? ನೋಡಿ, ಮುಂದಿನ ಮೂರರಲ್ಲಿ ಒಂದು, ಹಿಂದಿನ ಮೂರರಲ್ಲಿ ಒಂದು, ಹೀಗೆ ಸರದಿ. ಮುಂದಿನ ಮೂರಕ್ಕೆ ಒಂದು ಪೈಪ್, ಹಿಂದಿನ ಮೂರಕ್ಕೆ ಒಂದು ಪೈಪ್ ಕೊಟ್ಟರೆ ಎರಡರಲ್ಲೂ ಸಮ ಅಂತರದಲ್ಲಿ ಗಾಳಿ ಹೊರಬೀಳುತ್ತದೆ. ಆ ಸದ್ದು ಒಮ್ಮೆ ಕೇಳಿದರೆ ಬಿಡಲು ಮನಸ್ಸಾಗುವುದಿಲ್ಲ. ಆದರೆ ಇದೆಲ್ಲ ನೀರಿನ ಪೈಪ್ ಆದ ಮೇಲೆ.

ಮುಧೋಳದಿಂದ

ಪೆಟ್ರೋಲಿನ ಬಗ್ಗೆ ಒಂದು ಮಾತು. ಪೆಟ್ರೋಲಿಗೆ ಸೀಸ ಬೆರೆಸುವುದು 2000ಕ್ಕೇ ಮುಗಿಯಿತು, ಸೀಸವಿಲ್ಲದೆ ಸೀಟು ಸವೆಯುತ್ತದೆ ಅನ್ನುವ ಚಿಂತೆ ಬೇಡ. ಕ್ರೈಸ್ಲರ್‌ನವರು ಎಕ್ಸಾಸ್ಟ್ ಸೀಟಿಗೆ ಗಟ್ಟಿ ಲೋಹದ ಉಂಗುರ ಕೂರಿಸಿದ್ದಾರೆ. ನೋಡಬೇಕಾದ್ದು ಎಥನಾಲ್. ನಮ್ಮ ಕಬ್ಬಿನದ್ದೇ, ಆದರೂ ಹಳೆ ರಬ್ಬರಿಗೆ ಆಗುವುದಿಲ್ಲ. ಪೆಟ್ರೋಲ್ ಪಂಪಿನ ಡಯಾಫ್ರಾಮ್ ಮತ್ತು ಪೈಪ್ ಈಗಿನ ಕಾಲದ್ದು ಹಾಕಿ. 20 ಪರ್ಸೆಂಟ್ ಇದ್ದರೆ ಮಿಶ್ರಣ ತೆಳುವಾಗುತ್ತದೆ, ಕಾರ್ಬ್ಯುರೇಟರಿನ ಮೇನ್ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಸ್ವಲ್ಪ ದೊಡ್ಡದು ಬೇಕು. ತೆಳು ಮಿಶ್ರಣವೂ ವಾಲ್ವ್ ಸುಡುತ್ತದೆ.

ಜಮಖಂಡಿ ಡಾಡ್ಜ್

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ.

ಆಯಿಲ್ ಹಾಕಿ ಅಳೆದೆ. ಐದು, ಆರು ಏರಲಿಲ್ಲ. ಹೆಡ್ ಎತ್ತಿದರೆ ಗ್ಯಾಸ್ಕೆಟ್ ಚೆನ್ನಾಗಿತ್ತು. ಆರನೆಯ ಎಕ್ಸಾಸ್ಟ್ ವಾಲ್ವಿನ ಅಂಚು ಇಲಿ ಕಡಿದ ರೊಟ್ಟಿಯ ಹಾಗೆ ಹೋಗಿತ್ತು. ಐದನೆಯದು ಸುಟ್ಟು ಸೊಟ್ಟಗಾಗಿತ್ತು. ಬಿರುಕು ಇರಲಿಲ್ಲ. ಚಾಕ್ ಪುಡಿ ಒಣಗಿಯೇ ಉಳಿದಾಗ ಅಲ್ಲೇ ಕೈಮುಗಿದೆ.

ಪೈಪ್ ತೆಗೆಯಲು ಎರಡು ದಿನ ಹಿಡಿಯಿತು. ರೇಡಿಯೇಟರ್, ಪಂಪ್ ಬಿಚ್ಚಿ ಕೊಕ್ಕೆ ಹಾಕಿ ಎಳೆದರೆ ಅಂಗೈ ಅಗಲದ ತುಂಡುಗಳೇ ಬಂದವು. ಮುಂದಿನ ಅರ್ಧ ಇರಲೇ ಇಲ್ಲ. ಹಿಂದಿನ ಅರ್ಧ ಅಚ್ಚಿಗೆ ಸಿಕ್ಕಿತು. ಹಿತ್ತಾಳೆ ಪಾತ್ರೆಗೆ ಬೆಸುಗೆ ಹಾಕುವವರ ಹತ್ತಿರ ಹೋಗಿ, ಪಕ್ಕದಲ್ಲೇ ಕೂತು ಹಿತ್ತಾಳೆ ತಗಡಿನಲ್ಲಿ ಹೊಸದು ಮಾಡಿಸಿದೆ. ಸೀಳುಗಳನ್ನು ಬ್ಲಾಕಿನಿಂದ ಅಳೆದು ನಾನೇ ಕೊರೆದೆ. ಹಿಂದಿನ ಡಮ್ಮಿ ಪ್ಲಗ್ಗಿನ ಹಿಂದೆ ಅರ್ಧ ಬಕೆಟ್ ಕೆಂಪು ಕೆಸರು ಇತ್ತು.

ಎರಡು ಹೊಸ ವಾಲ್ವ್, ಹನ್ನೆರಡಕ್ಕೂ ಲ್ಯಾಪಿಂಗ್ (ಸೀಟಿಗೆ ಉಜ್ಜಿ ಕೂರಿಸುವುದು), ಹೆಡ್ 40 ಥೌ. ಕಾರ್ಬ್ಯುರೇಟರ್ ಸದ್ಯಕ್ಕೆ ಒಂದೇ. ಈಗ ಕಂಪ್ರೆಷನ್ ಆರರಲ್ಲೂ 120ರಿಂದ 128.

ಭಾನುವಾರ ವಂಟಮೂರಿ ಘಾಟು ಹತ್ತಿಸಿದೆ, ಅಜ್ಜಿಯೂ ಜೊತೆಗಿದ್ದರು. ಟೆಂಪರೇಚರ್ ಸೂಜಿ ನಡುವಿನಿಂದ ಅಲುಗಲಿಲ್ಲ. ಮೇಲೆ ಗಾಡಿ ನಿಲ್ಲಿಸಿ ಬ್ಲಾಕಿನ ಹಿಂದೆ ಮುಂದೆ ಥರ್ಮಾಮೀಟರ್ ಗನ್ ಹಿಡಿದೆ, ಹೆಚ್ಚು ವ್ಯತ್ಯಾಸವೇ ಇಲ್ಲ. ಕಾಕಾ, 230ರ ಕ್ರ್ಯಾಂಕ್ (ಸ್ಟ್ರೋಕ್ ಉದ್ದ ಮಾಡುವ ಶಾಫ್ಟ್) ಒಂದು ಸಿಗುವ ಹಾಗಿದೆ. ತಗೊಳ್ಳಲಾ?

ಉದ್ಯಮಬಾಗ ಬೋರಿಂಗ್ ಕಾಕಾ

ಬಹಳ ಸಂತೋಷವಾಯಿತು ತಮ್ಮಾ. ಹಿತ್ತಾಳೆ ಪೈಪ್ ನೀನೇ ಅಳೆದು ಮಾಡಿಸಿದ್ದು ಓದಿ ಉಸ್ತಾದರು ನೆನಪಾದರು.

ಕ್ರ್ಯಾಂಕ್ ಒಂದೇ ತಗೋಬೇಡ, ಕನೆಕ್ಟಿಂಗ್ ರಾಡ್ ಆರೂ ಜೊತೆಗೆ ಇರಲಿ. 218ರ ರಾಡ್ ಅದಕ್ಕೆ ಆಗುವುದಿಲ್ಲ. ಹಿಂದೆ ಫ್ಲೈವೀಲ್ ಬೋಲ್ಟ್ ತೂತು 4 ಇವೆಯೋ 8 ಇವೆಯೋ ಎಣಿಸು, ನಿನ್ನದಕ್ಕೆ ಹೊಂದಬೇಕು. ದುಡ್ಡು ಕೊಡುವ ಮುಂಚೆ ಶಾಪಿಗೆ ತಂದು ತೋರಿಸು, ಜರ್ನಲ್ (ಬೇರಿಂಗ್ ಕೂರುವ ದುಂಡು ಭಾಗ) ಅಳೆದು ಹೇಳುತ್ತೇನೆ. ಬರುವಾಗ ಡಾಡ್ಜ್‌ನಲ್ಲೇ ಬಾ. ಎಂಜಿನ್ ಬಿಸಿ ಇರುವಾಗಲೇ ಹೆಡ್ ಬೋಲ್ಟ್ ಇನ್ನೊಮ್ಮೆ 65 ಅಡಿ-ಪೌಂಡಿಗೆ ಬಿಗಿ ಮಾಡಿಕೊಡುತ್ತೇನೆ.