ಇಆರ್‌ಪಿ ಕೊಟ್ಟವರೇ ಟೆಸ್ಟ್ ಮಾಡಿರುತ್ತಾರೆ, ಮತ್ತೆ ನಾವೂ ಮಾಡಬೇಕಾ?

ಪ್ರಶ್ನೆ: ನಾನು ಅಕೌಂಟ್ಸ್‌ನಲ್ಲಿದ್ದೇನೆ. ಮುಂದಿನ ತಿಂಗಳು ನಮ್ಮ ಕಂಪನಿಗೆ ಹೊಸ ಇಆರ್‌ಪಿ, ಅಂದರೆ ಖರೀದಿ, ಗೋಡೌನ್, ಅಕೌಂಟ್ಸ್ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್, ಬರುತ್ತಿದೆ. ಅದನ್ನು ಮಾಡಿದವರು ಟೆಸ್ಟ್ ಮಾಡಿಯೇ ಕೊಡುತ್ತಾರೆ ಅಲ್ವಾ? ಮತ್ತೆ ನಮ್ಮ ಕೈಲಿ ಮೂರು ವಾರ ಟೆಸ್ಟಿಂಗ್ ಯಾಕೆ? ದಿನದ ಕೆಲಸವೇ ಮುಗಿಯುತ್ತಿಲ್ಲ.

ಉತ್ತರ (ಇಆರ್‌ಪಿ ಟೆಸ್ಟರ್): ಅವರು ನೋಡಿರುವುದು ಅವರ ಸಾಫ್ಟ್‌ವೇರನ್ನು ಮೇಡಂ. ನಿಮ್ಮ ತೆರಿಗೆ ಸೆಟ್ಟಿಂಗ್, ನಿಮ್ಮ ಡಿಸ್ಕೌಂಟ್ ನಿಯಮ, ಹಳೆ ಸಿಸ್ಟಮ್‌ನಿಂದ ತಂದ ಡೇಟಾ, ಇದ್ಯಾವುದೂ ಆಗ ಅವರ ಹತ್ತಿರ ಇರಲೇ ಇಲ್ಲ. ಒಂದೊಂದೇ ಮಾಡ್ಯೂಲ್ (ಒಂದೊಂದು ವಿಭಾಗದ ಭಾಗ) ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಎಡವುವುದು ಒಂದು ವಿಭಾಗದಿಂದ ಇನ್ನೊಂದಕ್ಕೆ ದಾಟುವಾಗ. ಖರೀದಿಯವರು ಬಾಕ್ಸ್ ಲೆಕ್ಕದಲ್ಲಿ ಆರ್ಡರ್ ಹಾಕುತ್ತಾರೆ, ಗೋಡೌನ್‌ನವರು ಬಿಡಿ ಲೆಕ್ಕದಲ್ಲಿ ಇಳಿಸಿಕೊಳ್ಳುತ್ತಾರೆ ಅಂದುಕೊಳ್ಳಿ. ಬಾಕ್ಸ್‌ಗೆ 12 ಅಂತ ಐಟಂ ಮಾಸ್ಟರ್‌ನಲ್ಲಿ (ಪ್ರತಿ ವಸ್ತುವಿನ ವಿವರ ಇರುವ ಪಟ್ಟಿಯಲ್ಲಿ) ಹಾಕುವುದು ಮರೆತರೆ 10 ಬಾಕ್ಸ್ ಬಂದದ್ದು 10 ಬಿಡಿ ಆಗಿಬಿಡುತ್ತದೆ. ಒಂದೊಂದರ ಬೆಲೆ 12 ಪಟ್ಟು! ಎರರ್ ಮೆಸೇಜ್ ಮಾತ್ರ ಬರುವುದಿಲ್ಲ. ತಿಂಗಳ ಕೊನೆಗೆ ನಿಮ್ಮ ಟೇಬಲ್‌ಗೇ ಬಂದು ಬೀಳುತ್ತದೆ.

ಸುಮ್ನೆ ಹೆದರಿಸುತ್ತಿಲ್ಲ. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ ಇಂಥದ್ದೇ ಸಿಸ್ಟಮ್ ಹಾಕುವ ನಾಲ್ಕು ವರ್ಷದ ಕೆಲಸವನ್ನು ಎರಡೂವರೆ ವರ್ಷಕ್ಕೆ ಇಳಿಸಿ, 1999ರ ಜುಲೈನಲ್ಲಿ, ಅಲ್ಲಿ ಚಾಕೊಲೇಟ್ ಜೋರಾಗಿ ಮಾರುವ ಹ್ಯಾಲೋವೀನ್ ಹಬ್ಬದ ಆರ್ಡರ್ ಬರುವ ಹೊತ್ತಿಗೇ ಹೊಸ ಸಿಸ್ಟಮ್ ಶುರು ಮಾಡಿತು. ಮಾಲು ಇತ್ತು, ಆದರೂ ಸುಮಾರು 10 ಕೋಟಿ ಡಾಲರ್ ಆರ್ಡರ್ ಕಳಿಸಲು ಆಗಲಿಲ್ಲ. ಆ ಮೂರು ತಿಂಗಳ ಲಾಭ ಶೇ 19ರಷ್ಟು ಇಳಿಯಿತು.

ಪ್ರಶ್ನೆ: ಅಯ್ಯೋ. ಸರಿ, ಟೈಮ್ ಕಡಿಮೆ ಇದೆ, ಮೊದಲು ಏನು ನೋಡಲಿ?

ಉತ್ತರ: ಒಂದು ಆರ್ಡರ್ ಹಿಡಿದು ಹಣ ಜಮಾ ಆಗುವ ತನಕ ಹೋಗಿ. ಸಲೀಸಾದದ್ದು ಬೇಡ, ಅರ್ಧ ಮಾಲು ವಾಪಸ್ ಬಂದದ್ದು, ಅಡ್ವಾನ್ಸ್ ಕೊಟ್ಟು ಆಮೇಲೆ ಬಿಲ್ ರದ್ದಾದದ್ದು, ಇಂಥವನ್ನೇ ಹುಡುಕಿ. ಹಳೆ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿಯ ಪಟ್ಟಿ) ಹೊಸದಕ್ಕೆ ತಾಳೆಯಾಗಬೇಕು. ಕಳೆದ ತಿಂಗಳ ಲೆಕ್ಕ ಮುಗಿಸುವ ಕ್ಲೋಸಿಂಗ್ ಇದರಲ್ಲೂ ಒಮ್ಮೆ ಮಾಡಿ. ಮತ್ತೆ, ನಿಮ್ಮ ಸ್ವಂತ ಲಾಗಿನ್‌ನಲ್ಲೇ ಮಾಡಿ. ಕನ್ಸಲ್ಟೆಂಟ್ ಲಾಗಿನ್‌ನಲ್ಲಿ ಎಲ್ಲದಕ್ಕೂ ಪರ್ಮಿಷನ್ ಇರುತ್ತದೆ, ಬಿಲ್ ಹಾಕಿದವರೇ ಅದನ್ನು ಪಾಸ್ ಮಾಡಬಹುದಾ ಅನ್ನುವುದು ಅಲ್ಲಿ ಗೊತ್ತೇ ಆಗುವುದಿಲ್ಲ.

ಇನ್ನೊಬ್ಬರು: ಲೈವ್ ಆದ ಮೇಲೆ ಈ ಕಾಟ ಮುಗಿಯಿತಲ್ವಾ ಸರ್?

ಉತ್ತರ: ಕ್ಲೌಡ್ ಆದರೆ, ಅಂದರೆ ಕೊಟ್ಟವರೇ ಇಂಟರ್ನೆಟ್‌ನಲ್ಲಿ ನಡೆಸುವುದಾದರೆ, ಇಲ್ಲ. ಅಪ್‌ಡೇಟ್ ಬರುತ್ತಲೇ ಇರುತ್ತದೆ. ಈ ಸಲ ನೋಡಿದ್ದನ್ನೆಲ್ಲ ಒಂದು ಶೀಟ್‌ನಲ್ಲಿ ಬರೆದಿಡಿ, ಆಗ ಅದೇ ಕೆಲಸಕ್ಕೆ ಬರುತ್ತದೆ.